ಹಿಂಬಾಗಿಲ ಕಾರ್ಬೈನು ಸಿಡಿಯದೇ ಹೋದ ಬಗ್ಗೆ

ಮೊದಲಿಗೆ ಓದುವವರಲ್ಲಿ ಒಂದು ವಿನಂತಿ. ಅರ್ಜಿ, ವರದಿ ಮತ್ತು ಜ್ಞಾಪನ ಪತ್ರಗಳನ್ನು ಬಿಟ್ಟರೆ ನಾನು ಇದುವರೆಗೆ ಬೇರೇನನ್ನೂ ಬರೆದವಳಲ್ಲ. ಹುಬ್ಬಳ್ಳಿಯ ಕಚೇರಿಯೊಂದರ ರವಾನೆ ವಿಭಾಗದಲ್ಲಿ ಕುಳಿತು ಕಲಿತದ್ದೇ ನನ್ನ ಬರವಣಿಗೆ. ಆದ್ದರಿಂದ ಮುಂದೆ ವಿವರಿಸುವ ಸಂಗತಿಯಲ್ಲಿ ಭಾಷೆಯು ಒಣಗಿದಂತೆ ಕಂಡುಬಂದಲ್ಲಿ, ಹೇಳಬೇಕಾದದ್ದು ಕಡಿಮೆ ಇತ್ತೆಂದು ದಯಮಾಡಿ ಭಾವಿಸಬಾರದು. ಇದನ್ನು ಮೂರು ಸಲ ಆರಂಭಿಸಿ ಮೂರು ಸಲ ಹರಿದು ಹಾಕಿದ್ದೇನೆ.

ಸಂಗತಿಯು ನಮ್ಮ ಅಂಗಡಿಯ ಹಿಂಬಾಗಿಲ ಬಳಿ ಇಟ್ಟಿದ್ದ ಒಂದು ಕಾರ್ಬೈನಿಗೆ ಸಂಬಂಧಿಸಿದೆ. ಕಾರ್ಬೈನು ಎಂದರೆ ಗಿಡ್ಡ ರೈಫಲ್ಲು. ನಮ್ಮದು ಪಿಸ್ತೂಲಿಗೆ ಹಾಕುವ ಒಂಬತ್ತು ಮಿಲಿಮೀಟರಿನ ಗುಂಡನ್ನೇ ಹಾರಿಸುವಂಥದ್ದು. ಒಂದು ಸಲ ಟ್ರಿಗರ್ ಒತ್ತಿದರೆ ಒಂದೇ ಗುಂಡು ಹೋಗಿ, ಮುಂದಿನದು ತಾನಾಗಿ ಒಳಗೆ ಬಂದು ಕೂರುತ್ತದೆ.

ಡ್ಯಾಲಸ್ ಪಕ್ಕದ ಇರ್ವಿಂಗಿನಲ್ಲಿ ನನ್ನ ಯಜಮಾನರದೂ ನನ್ನದೂ ಸೇರಿ ಒಂದು ಬಂಗಾರದ ಅಂಗಡಿ ಇದೆ. ಮುಂದೆ ಮಾರಾಟದ ಕೋಣೆ, ಹಿಂದೆ ಒಡವೆ ರಿಪೇರಿ ಮಾಡುವ ಕೋಣೆ, ಅದರಾಚೆ ಕಸದ ಡಬ್ಬಿಗಳ ಓಣಿಗೆ ತೆರೆಯುವ ಕಬ್ಬಿಣದ ಬಾಗಿಲು. ಹಿಂದಿನ ವರ್ಷ ಮೂವರು ಟೊಪ್ಪಿಗೆ ಜಾಕೆಟ್ಟು ಹಾಕಿಕೊಂಡು ಆ ಹಿಂಬಾಗಿಲನ್ನು ಮೀಟಿ ಒಳಗೆ ಬಂದರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಸುತ್ತಿಗೆಗಳಿದ್ದವು. ಗಾಜಿನ ಪೆಟ್ಟಿಗೆಗಳನ್ನು ಒಡೆದು, ಬಾಚಿಕೊಂಡು, ಅಡ್ಡ ಬಂದ ಯಜಮಾನರ ಬಲ ಭುಜಕ್ಕೆ ಒಂದು ಏಟು ಹಾಕಿ ಹೋದರು. ಎಲ್ಲವೂ ಎರಡು ನಿಮಿಷದೊಳಗೆ ಮುಗಿಯಿತು. ಭುಜದ ಮೂಳೆ ಕೂಡಿತು, ಆದರೆ ಬಲಗೈಯ ನಡುಕ ಹೋಗಲಿಲ್ಲ. ಮೂಗುಬಟ್ಟಿಗೆ ಹರಳು ಕೂರಿಸುತ್ತಿದ್ದ ಕೈ ಅದು.

ಪಿಸ್ತೂಲು ತೆಗೆದುಕೊಳ್ಳುವುದೆಂದು ಮೊದಲು ತೀರ್ಮಾನವಾಯಿತು. ಶೂಟಿಂಗ್ ರೇಂಜಿನಲ್ಲಿ ಬಾಡಿಗೆಯ ಪಿಸ್ತೂಲು ಹಿಡಿದು ಅವರು ಐವತ್ತು ಸುತ್ತು ಹಾರಿಸಿದರು. ಏಳು ಗಜ ದೂರದ ಕಾಗದದಲ್ಲಿ ಆರು ತೂತುಗಳಿದ್ದವು. ಆಗ ಹ್ಯೂಸ್ಟನ್ನಿನಲ್ಲಿ ಮೋಟೆಲ್ ನಡೆಸುವ ನನ್ನ ಅಣ್ಣ ತನ್ನ ಬಳಿಯಿರುವ ಕಾರ್ಬೈನನ್ನೇ ಕೊಳ್ಳುವಂತೆ ಹೇಳಿದ. "ಭುಜಕ್ಕ ಆನಿಸಿ ಹಿಡಿಯೂದು, ಎರಡೂ ಕೈ ಆಸರ. ಎಂಥಾ ನಡುಗೂ ಕೈಗೂ ಆಗತೈತಿ ತಂಗಿ. ಒಂಬತ್ತರ ಗುಂಡು, ಒದಿಯೂದಿಲ್ಲ," ಎಂದ. ಅದೇ ಮಾದರಿಯನ್ನು ನನ್ನ ಹೆಸರಿನಲ್ಲಿ ಖರೀದಿಸಲಾಯಿತು.

ಅಣ್ಣ ಹೇಳದೇ ಇದ್ದ ಸಂಗತಿಗಳು ಆಮೇಲೆ ಒಂದೊಂದಾಗಿ ತಿಳಿದವು. ಇಂಥ ಬಂದೂಕಿನಲ್ಲಿ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಭಾರವೇ ಗುಂಡಿನ ಒತ್ತಡವನ್ನು ತಡೆಯಬೇಕಾದ್ದರಿಂದ ಆ ಬೋಲ್ಟು ಕಬ್ಬಿಣದ ಗಟ್ಟಿಯಂತೆ ತೂಕವಾಗಿರುತ್ತದೆ; ಪ್ರತಿ ಗುಂಡಿಗೂ ಅದು ಹಿಂದೆ ಹೋಗಿ ಬಡಿಯುವುದು ಭುಜಕ್ಕೆ ಗೊತ್ತಾಗುತ್ತದೆ. ಮೊದಲ ಗುಂಡನ್ನು ಒಳಗೆ ತರಲು ಎಳೆಯುವ ಹಿಡಿ ಬಹಳ ಬಿಗಿ. ಯಜಮಾನರು ಎಡ ಭುಜಕ್ಕೆ ಆನಿಸಿ ಹಾರಿಸುತ್ತಿದ್ದುದರಿಂದ ಬಲಗಡೆಯಿಂದ ಹಾರುವ ಬಿಸಿ ಖಾಲಿ ತೋಟೆಗಳು ಅವರ ಬಲ ಮುಂಗೈಗೆ ತಗುಲುತ್ತಿದ್ದವು. ಮೊಂಡು ಮೂಗಿನ ಗುಂಡುಗಳು ನಳಿಗೆಯ ಬಾಯಿಗೆ ಸಿಕ್ಕಿ ನಿಲ್ಲುತ್ತಿದ್ದವು. ಮೊದಲ ದಿನ ನೂರು ಸುತ್ತಿಗೆ ಒಂಬತ್ತು ಸಲ ನಿಂತಿತು.

ಇವನ್ನೆಲ್ಲ ನಾನು ಒಂದು ರಿಜಿಸ್ಟರಿನಲ್ಲಿ ದಾಖಲಿಸತೊಡಗಿದೆ. ದಿನಾಂಕ, ಹಾರಿಸಿದ ಸುತ್ತು, ದೋಷ, ಕಾರಣ, ಕೈಗೊಂಡ ಕ್ರಮ ಎಂದು ಐದು ಅಂಕಣ. ಅಂಗಡಿಗೆ ರಜೆಯಿರುವ ಮಂಗಳವಾರಗಳಲ್ಲಿ ರೇಂಜಿಗೆ ಹೋಗುವುದು, ಬಂದು ಬಿಚ್ಚಿ ಒರೆಸುವುದು, ಎಣ್ಣೆ ಹಾಕುವುದು, ಮುಚ್ಚಿದ ಮೇಲೆ ಪರೀಕ್ಷಿಸುವುದು ನನ್ನ ಪಾಲಿನ ಕೆಲಸವಾಯಿತು. ಪರೀಕ್ಷೆ ಸರಳ. ಒಳಗೆ ಗುಂಡಿಲ್ಲವೆಂದು ಎರಡು ಸಲ ನೋಡಿ ಟ್ರಿಗರ್ ಒತ್ತಬೇಕು. ಒಳಗಿನ ಪುಟ್ಟ ಸುತ್ತಿಗೆ ಟಕ್ಕೆಂದು ಬೀಳಬೇಕು. ಅದು ಬಿದ್ದರೆ ಟ್ರಿಗರ್ ಸರಿಯಿದೆ ಎಂದು ಅರ್ಥ. ಗುಂಡು ತುಂಬುವ ಮ್ಯಾಗಜಿನ್ ಬದಲಿಸಿ, ಗುಂಡಿನ ಬಗೆ ಬದಲಿಸಿ, ಐದನೆಯ ಮಂಗಳವಾರದ ಹೊತ್ತಿಗೆ ದೋಷದ ಅಂಕಣದಲ್ಲಿ ಸೊನ್ನೆ ಬಂತು. ಆಮೇಲೆ ಸೊನ್ನೆಯೇ ಉಳಿಯಿತು. ಪ್ರತಿ ಸಾಲಿನ ಕೊನೆಗೆ ನಾನು ‘ಪರೀಕ್ಷಿಸಲಾಗಿದೆ’ ಎಂದು ಬರೆಯುತ್ತಿದ್ದೆ. ಯಜಮಾನರಿಗೆ ರಾತ್ರಿ ಮತ್ತೆ ನಿದ್ದೆ ಬರತೊಡಗಿತು. ಆ ಸೊನ್ನೆಗಳ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ಆಯುಧ ಪೂಜೆ ಬಂತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಮಣೆ ಹಾಕಿ, ಕೆಂಪು ಬಟ್ಟೆ ಹಾಸಿ, ತಕ್ಕಡಿ, ಒರೆಗಲ್ಲು, ಚಿಮಟ, ಊದುಗೊಳವೆ ಎಲ್ಲವನ್ನೂ ತೊಳೆದು ಇಟ್ಟಿದ್ದೆವು. ಕಾರ್ಬೈನನ್ನು ಇಡುವುದು ಬೇಡವೆಂದು ನಾನು ಹೇಳಿದೆ.

"ಚಿಮಟಕ್ಕ ಪೂಜಿ, ತಕ್ಕಡಿಗೆ ಪೂಜಿ. ಆಯುಧ ಅಂತ ಮನ್ಯಾಗ ಇರೂದು ಅದೊಂದ. ಅದಕ್ಕ ಇಲ್ಲ ಅಂದ್ರ ಹೆಂಗ?" ಎಂದರು ಯಜಮಾನರು.

"ಅಲ್ರಿ, ಎಣ್ಣಿ ಹಚ್ಚೀನಿ ಅದಕ್ಕ. ಕುಂಕುಮಾ ಮೆತ್ತಿಕೊಂತೈತಿ."

"ಕಾರಿನ ಗಾಲಿಗೆ ಲಿಂಬಿಹಣ್ಣ ಇಟ್ಟು ಹಾಯಿಸೂವಾಗ ಟೈರಿನ ಚಿಂತಿ ಮಾಡಿದ್ಯೇನು? ಇಡು ಸುಮ್ನ."

ಇಟ್ಟೆ. ಗುಂಡಿಲ್ಲವೆಂದು ನೋಡುವವರಿಗೆಲ್ಲ ಕಾಣಲಿ ಎಂಬ ಉದ್ದೇಶದಿಂದ, ಒರೆಸುವಾಗ ಮಾಡುವಂತೆ ಹಿಂದಿನ ಪಿನ್ನು ಸರಿಸಿ ನಡುವೆ ಮಡಚಿ ಬಾಯಿ ತೆರೆದು ಇಟ್ಟೆ. ಟ್ರಿಗರಿನ ಒಳಭಾಗ ಆಕಾಶ ನೋಡುತ್ತಿತ್ತು. ಮಂಗಳಾರತಿಯಾದ ಮೇಲೆ ಎಲ್ಲದರ ಮೇಲೂ ಅಕ್ಷತೆ ಹಾಕಿದೆವು. ಅರಿಶಿನ ಕಲಸಿದ ಅಕ್ಕಿಯನ್ನು ನಾನು ನನ್ನ ಕೈಯಿಂದಲೇ ಹಾಕಿದೆ.

ಸಾಯಂಕಾಲ ಎತ್ತಿಡುವಾಗ ಕುಂಚದಿಂದ ಜಾಡಿಸಿದೆ, ಬಟ್ಟೆಯಿಂದ ಒರೆಸಿದೆ, ಮುಚ್ಚಿದೆ. ಪರೀಕ್ಷೆಗೆಂದು ಟ್ರಿಗರಿಗೆ ಬೆರಳು ಹಾಕಿದಾಗ ಯಜಮಾನರು ತಡೆದರು. "ಏ, ಪೂಜಿ ಮಾಡಿದ್ದನ್ನ ಇವತ್ತು ಮುಟ್ಟಬಾರದು. ನಾಳೆ ಬನ್ನಿ ಕೊಟ್ಟ ಮ್ಯಾಲೆ ನೋಡಿಯಂತ." ಅದು ಸರಿಯೇ ಇತ್ತು. ಪೂಜೆಗಿಟ್ಟ ಉಪಕರಣಕ್ಕೆ ಆ ದಿನ ವಿಶ್ರಾಂತಿ. ತಕ್ಕಡಿಯನ್ನೂ ನಾವು ಮುಟ್ಟಿರಲಿಲ್ಲ. ಗುಂಡು ತುಂಬಿದ ಮ್ಯಾಗಜಿನ್ ಸೇರಿಸಿ, ಟ್ರಿಗರ್ ತಡೆಯುವ ಸೇಫ್ಟಿ ಹಾಕಿ, ಹಿಂಬಾಗಿಲ ಪಕ್ಕದ ಕಪಾಟಿನಲ್ಲಿಟ್ಟು, ರಿಜಿಸ್ಟರು ಅಪೂರ್ಣವಾಗಿ ಉಳಿಯಬಾರದೆಂದು ಆ ದಿನದ ಸಾಲನ್ನು ತುಂಬಿದೆ. ಕೊನೆಯಲ್ಲಿ, ಕೈ ರೂಢಿಯಂತೆ, ‘ಪರೀಕ್ಷಿಸಲಾಗಿದೆ’ ಎಂದು ಬರೆದೆ. ನಾಳೆ ಹೇಗೂ ಮಾಡುವವಳಿದ್ದೆ.

ಮರುದಿನ ಬನ್ನಿ ಕೊಡಲು ಬಂದವರು ಒಡವೆಯನ್ನೂ ನೋಡಿದರು. ದೀಪಾವಳಿಯ ವ್ಯಾಪಾರ ಅಂದೇ ಆರಂಭವಾಯಿತು. ಆಮೇಲೆ ಮದುವೆಗಳ ಆರ್ಡರುಗಳು. ಮಂಗಳವಾರವೂ ಅಂಗಡಿ ತೆರೆಯಬೇಕಾಯಿತು, ರೇಂಜಿಗೆ ಹೋಗಲಾಗಲಿಲ್ಲ. ರಿಜಿಸ್ಟರನ್ನು ತೆರೆದಿದ್ದರೂ ಪರೀಕ್ಷೆ ಆಗಿದೆ ಎಂದೇ ಅದು ನನಗೆ ಹೇಳುತ್ತಿತ್ತು.

ಇತ್ತ ಹಿಂಬಾಗಿಲ ಕೀಲು ಕಳ್ಳತನದ ದಿನದಿಂದಲೂ ಸಡಿಲವಾಗಿತ್ತು. ಬೀಗ ಹಾಕಿದರೂ ಬಲವಾಗಿ ದೂಡಿದರೆ ತೆರೆಯುತ್ತಿತ್ತು. ಕಟ್ಟಡದ ಮಾಲೀಕರ ಕಚೇರಿಗೆ ನಾನು ನಾಲ್ಕು ಪತ್ರ ಬರೆದಿದ್ದೆ. ನಾಲ್ಕನೆಯದಕ್ಕೆ, ದುರಸ್ತಿಗೆ ಕ್ರಮ ಕೈಗೊಳ್ಳಲಾಗುವುದು ಎಂದು ಉತ್ತರ ಬಂತು. ಯಾರು ಬರುತ್ತಾರೆ, ಯಾವತ್ತು ಬರುತ್ತಾರೆ ಎಂಬುದು ಅದರಲ್ಲಿರಲಿಲ್ಲ.

ಚಳಿಗಾಲದ ಒಂದು ಬುಧವಾರ ಬೆಳಿಗ್ಗೆ, ಅಂಗಡಿ ತೆರೆಯಲು ಇನ್ನೂ ಅರ್ಧ ಗಂಟೆ ಇರುವಾಗ, ನಾನು ಹಿಂದಿನ ಕೋಣೆಯ ಮೇಜಿನಲ್ಲಿ ಸರಕ್ಕೆ ಚೀಟಿ ಕಟ್ಟುತ್ತಿದ್ದೆ. ಯಜಮಾನರು ಕಪಾಟಿನ ಹತ್ತಿರ ನಿಂತು ಚಹಾ ಕುಡಿಯುತ್ತಿದ್ದರು. ಹಿಂಬಾಗಿಲು ಒಮ್ಮೆ ಅಲುಗಿತು. ಮತ್ತೆ ಅಲುಗಿತು. ಆಮೇಲೆ ಕೀಲಿನ ಕಡೆಯಿಂದ ಬಿರುಕು ಬಿಟ್ಟಂತೆ ತೆರೆದುಕೊಂಡಿತು. ಬೆಳಕಿಗೆ ಬೆನ್ನು ಮಾಡಿ ಒಬ್ಬ ವ್ಯಕ್ತಿ ನಿಂತಿದ್ದ. ತಲೆಗೆ ಜಾಕೆಟ್ಟಿನ ಟೊಪ್ಪಿಗೆ. ಬಲಗೈಯಲ್ಲಿ ಸುತ್ತಿಗೆ.

ಚಹಾದ ಲೋಟ ಬಿದ್ದ ಸದ್ದು ಕೇಳಿತು. ಹಿಡಿ ಎಳೆದು ಬಿಟ್ಟ ಸದ್ದು ಕೇಳಿತು. ಆ ಬಿಗಿ ಹಿಡಿಯನ್ನು ಅವರು ಅಷ್ಟು ಸುಲಭವಾಗಿ ಎಳೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕಾರ್ಬೈನು ಅವರ ಎಡ ಭುಜಕ್ಕೆ ಏರಿತ್ತು, ಹೆಬ್ಬೆರಳು ಸೇಫ್ಟಿಯನ್ನು ಸರಿಸಿತು. ನಾನು ಅವರ ಎಡಗಡೆ, ನಾಲ್ಕಡಿ ದೂರದಲ್ಲಿದ್ದೆ. ಟ್ರಿಗರಿನ ಮೇಲಿದ್ದ ಬೆರಳಿನ ತುದಿ ಬಿಳುಚಿದ್ದನ್ನು ನಾನು ಕಂಡೆ.

ಏನೂ ಆಗಲಿಲ್ಲ.

ಆ ಮನುಷ್ಯ ಮೊಣಕಾಲೂರಿ ಕುಸಿದ. ಸುತ್ತಿಗೆ ನೆಲಕ್ಕೆ ಬಿತ್ತು. "ಡೋರ್, ಸರ್! ಡೋರ್! ಫಿಕ್ಸ್ ಡೋರ್!" ಎಂದು ಕೂಗಿ, ಆಮೇಲೆ ಸ್ಪ್ಯಾನಿಷ್‌ನಲ್ಲಿ ಏನನ್ನೋ ಹೇಳುತ್ತಾ ಹೋದ. ಐವತ್ತು ದಾಟಿದ ವಯಸ್ಸು. ಟೊಪ್ಪಿಗೆ ಹಿಂದೆ ಸರಿದು ನರೆತ ಕೂದಲು ಕಂಡಿತು. ಸೊಂಟದ ಪಟ್ಟಿಯಲ್ಲಿ ಸ್ಕ್ರೂಡ್ರೈವರುಗಳಿದ್ದವು, ಅವನ ಹಿಂದೆ ನೆಲದಲ್ಲಿ ಹೊಸ ಕೀಲುಗಳ ಪೆಟ್ಟಿಗೆ ಇತ್ತು. ನನ್ನ ನಾಲ್ಕು ಪತ್ರಗಳು ಕರೆಸಿದ ಕೆಲಸಗಾರ ಅವನು. ಮುಂಬಾಗಿಲು ಮುಚ್ಚಿದ್ದರಿಂದ ಹಿಂದೆ ಬಂದು, ಕೀಲು ಎಷ್ಟು ಸಡಿಲವಿದೆಯೆಂದು ದೂಡಿ ನೋಡಿದ್ದ.

ಯಜಮಾನರು ಬಂದೂಕನ್ನು ಕೆಳಗಿಳಿಸಿ, ಕೈ ಹಿಡಿದು ಅವನನ್ನು ಎಬ್ಬಿಸಿದರು. ಕ್ಷಮೆ ಕೇಳಿದರು. ನಾನು ಚಹಾ ಮಾಡಿ ಕೊಟ್ಟೆ. ಬಂದೂಕು ತೋರಿಸಿದರಷ್ಟೇ ಎಂದು ಅವನು ತಿಳಿದಿದ್ದ. ನನ್ನ ಮುಂದೆ ಎದೆ ಮುಟ್ಟಿಕೊಂಡು ನಗಲು ಕೂಡ ನೋಡಿದ. ಆಮೇಲೆ ಎರಡು ಗಂಟೆ ಕೂತು ಕೀಲು ಬದಲಿಸಿದ. ಸ್ಕ್ರೂಗಳು ಅವನ ಕೈಯಿಂದ ಜಾರಿ ಬೀಳುವುದು ನಾನು ಕೂತಲ್ಲಿಗೆ ಕೇಳಿಸುತ್ತಿತ್ತು.

ಅವನು ಹೋದ ಮೇಲೆ ಕೇಳಿದೆ: "ಒತ್ತಿದ್ರೇನ್ರಿ?"

"ಇಲ್ಲ. ಬರೇ ಹಿಡಿದಿದ್ದೆ."

ಸಾಯಂಕಾಲ ಅಂಗಡಿ ಮುಚ್ಚುವಾಗ ಅವರೇ ಹೇಳಿದರು: "ಅದರ ಟ್ರಿಗರ್ ಕಲ್ಲಾಗೇತಿ. ತೋರಿಸ್ಕೊಂಡು ಬಾ. ಅಂವಾ ಖರೇನ ಕಳ್ಳ ಆಗಿದ್ರ ಇವತ್ತು ನಮ್ಮ ಗತಿ ಏನಿತ್ತು?"

ಒತ್ತದೇ ಇದ್ದವರಿಗೆ ಕಲ್ಲಾದದ್ದು ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ಅವರೂ ನನ್ನ ಮುಖ ನೋಡಲಿಲ್ಲ.

ಮರುದಿನ ಅದನ್ನು ಖರೀದಿಸಿದ ಡ್ಯಾಲಸಿನ ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದಾತ, ಕಂಪನಿಗೆ ಕಳಿಸಬೇಕು, ವಾರಗಳಾಗುತ್ತವೆ ಎಂದು ಹೇಳಿ ಒಂದು ನಮೂನೆ ಕೊಟ್ಟ. ಹೆಸರು, ವಿಳಾಸ, ಮಾದರಿ ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿದೆ. ಏಳನೆಯ ಪ್ರಶ್ನೆಗೆ ಬಂದು ನಿಂತೆ: ಯಾವ ಸಂದರ್ಭದಲ್ಲಿ ದೋಷವು ಕಂಡುಬಂತು? ಜೀವಮಾನವಿಡೀ ನಮೂನೆ ತುಂಬಿದವಳು ನಾನು. ಆ ಎರಡು ಸಾಲಿನ ಜಾಗವನ್ನು ತುಂಬಲಾಗದೆ ನಮೂನೆಯನ್ನು ಮಡಚಿ ಚೀಲದಲ್ಲಿ ಹಾಕಿಕೊಂಡು ಹೊರಗೆ ಬಂದೆ.

ನಂತರದ ಮಂಗಳವಾರ ಹ್ಯೂಸ್ಟನ್ನಿಗೆ ಡ್ರೈವ್ ಮಾಡಿದೆ. ಕಾರ್ಬೈನು ಡಿಕ್ಕಿಯಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು. ಗುಂಡುಗಳನ್ನು ತಂದಿರಲಿಲ್ಲ, ಒಂದನ್ನು ಬಿಟ್ಟು. ಆ ದಿನ ನಳಿಗೆಯೊಳಗಿದ್ದ ಗುಂಡನ್ನು ತೆಗೆದು ಉಂಗುರದ ಡಬ್ಬಿಯಲ್ಲಿ ಹಾಕಿಟ್ಟಿದ್ದೆ.

ಅಣ್ಣನಿಗೆ ಸುಳ್ಳು ಹೇಳಿದೆ. "ರೇಂಜಿನ್ಯಾಗ ಹಿಂಗಾತು," ಎಂದೆ.

"ರೇಂಜಿನ್ಯಾಗ? ಗುಂಡು ಸಸ್ತಾ ತಂದಿರಬೇಕು ನೀವು. ಬಂಗಾರ ಮಾರಾವ್ರ ಕೈ ಬಿಗಿ ನೋಡು," ಎಂದು ನಕ್ಕ. "ನಡಿ, ನನ್ನ ಗುಂಡು ಹಾಕಿ ನೋಡೂಣಂತ."

"ಗುಂಡಿನ ತಪ್ಪಲ್ಲೋ ಅಣ್ಣಾ." ಉಂಗುರದ ಡಬ್ಬಿ ತೆರೆದು ಅವನ ಮುಂದಿಟ್ಟೆ. ಹರಳು ನೋಡುವ ನನ್ನ ಭೂತಗನ್ನಡಿಯನ್ನೂ ಕೊಟ್ಟೆ. ಒಳಗಿನ ಸುತ್ತಿಗೆ ಬಡಿದಿದ್ದರೆ ಗುಂಡಿನ ಹಿಂಬದಿಯ ಪುಟ್ಟ ಬಿಲ್ಲೆಯಲ್ಲಿ ತಗ್ಗು ಬೀಳಬೇಕು. ಬಿಲ್ಲೆಯು ಕನ್ನಡಿಯಂತೆ ನುಣ್ಣಗಿತ್ತು.

ಅಣ್ಣ ನಗುವುದನ್ನು ನಿಲ್ಲಿಸಿದ. ತನ್ನ ಕಾರ್ಬೈನನ್ನು ತಂದು ನನ್ನದರ ಪಕ್ಕದಲ್ಲಿಟ್ಟ. ಎರಡನ್ನೂ ಬಿಚ್ಚಿ, ಮೇಲಿನ ಅರ್ಧಗಳನ್ನು ಅದಲುಬದಲು ಮಾಡಿದೆವು. ನನ್ನ ಮೇಲರ್ಧವನ್ನು ಅವನ ಕೆಳಗಿನರ್ಧಕ್ಕೆ ಸೇರಿಸಿ ಒತ್ತಿದಾಗ ಟಕ್ಕೆಂದಿತು. ಅವನ ಮೇಲರ್ಧವನ್ನು ನನ್ನದಕ್ಕೆ ಸೇರಿಸಿ ಒತ್ತಿದಾಗ ಟ್ರಿಗರ್ ಗೋಡೆಗೆ ಒತ್ತಿದಂತೆ ನಿಂತಿತು. ದೋಷವು ಟ್ರಿಗರಿನ ಬುಡದಲ್ಲಿದೆ ಎಂಬುದು ಖಚಿತವಾಯಿತು. ಟಾರ್ಚ್ ಬಿಟ್ಟು ನೋಡಿದೆವು. ಸ್ಪ್ರಿಂಗುಗಳ ಅಡಿಯಲ್ಲಿ ಕಪ್ಪು ಎಣ್ಣೆಯನ್ನು ಬಿಟ್ಟರೆ ಏನೂ ಕಾಣಲಿಲ್ಲ.

"ಇದರಾಗ ನಾ ಸ್ಕ್ರೂಡ್ರೈವರ್ ಹಾಕಾಂಗಿಲ್ಲ. ಆಸ್ಟಿನ್ನಾಗ ಒಬ್ಬ ಮುದುಕ ಅದಾನ, ನಂದೂ ಅವನ ರಿಪೇರಿ ಮಾಡಿದ್ದು. ನಾಳೆ ಮುಂಜಾನೆ ಹೋಗು," ಎಂದ.

ಬೆಳಿಗ್ಗೆ ಪೆಟ್ಟಿಗೆಯನ್ನು ಕಾರಿಗೆ ಎತ್ತಿಡುವಾಗ ಅವನು ಡಿಕ್ಕಿಯ ಮೇಲೆ ಕೈಯಿಟ್ಟು ನಿಂತ. "ತಂಗಿ, ಇದು ರೇಂಜಿನ್ಯಾಗ ಆಗಿದ್ದಲ್ಲ. ಹೌದಿಲ್ಲೋ?"

ನಾನು ಚೀಲದಿಂದ ಕಾರಿನ ಕೀಲಿಕೈ ತೆಗೆದೆ.

"ಹುಷಾರ್ ಹೋಗು," ಎಂದು ಡಿಕ್ಕಿಯನ್ನು ತಾನೇ ಮುಚ್ಚಿದ.

ಆಸ್ಟಿನ್ನಿನ ಹೊರಭಾಗದಲ್ಲಿ, ಮನೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಆ ಬಂದೂಕು ರಿಪೇರಿಯವರ ಕೆಲಸ. ವಯಸ್ಸಾದವರು, ಎರಡೂ ಕಿವಿಗೆ ಯಂತ್ರ. ನಮ್ಮ ಹಿಂದಿನ ಕೋಣೆಯಲ್ಲಿರುವಂಥದ್ದೇ ಮೇಜು, ಅಂಥದ್ದೇ ದೀಪ, ಅಂಥದ್ದೇ ಚಿಮಟಗಳು. ಅದನ್ನು ಕಂಡು ನನಗೆ ಒಂದಿಷ್ಟು ಧೈರ್ಯ ಬಂತು. ಅವರು ಮೊದಲು ಗುಂಡಿಲ್ಲವೆಂದು ನೋಡಿದರು, ನನ್ನಿಂದಲೂ ನೋಡಿಸಿದರು. ಒಂದು ಪಿನ್ನನ್ನು ಬಡಿದು ಹೊರಡಿಸಿ ಒಳಗಿನ ಸುತ್ತಿಗೆಯನ್ನು ತೆಗೆದರು. ಟ್ರಿಗರಿನ ಮುಂತುದಿಯ ಕೆಳಗೆ ಚಿಮಟ ಹಾಕಿ, ಏನನ್ನೋ ಹಿಡಿದು ಬಿಳಿ ಕಾಗದದ ಮೇಲೆ ಇಟ್ಟರು.

"ಮ್ಯಾಮ್, ನಿಮ್ಮ ಮನೆಯಲ್ಲಿ ಯಾರಾದರೂ ಬಂದೂಕಿನ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಾರೆಯೇ?" ಎಂದು ಕೇಳಿದರು.

ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿದೆ. ಎಣ್ಣೆ ಕುಡಿದು ಕಂದಾದ ಒಂದು ಅಕ್ಕಿಕಾಳು. ಒಂದು ಮಗ್ಗುಲು ಜಜ್ಜಿತ್ತು. ಇನ್ನೊಂದು ಮಗ್ಗುಲಿನಲ್ಲಿ ಅರಿಶಿನದ ಹಳದಿ ಹಾಗೆಯೇ ಉಳಿದಿತ್ತು.

ನಾನು ಕುರ್ಚಿಯಲ್ಲಿ ಕುಳಿತೆ. ಅವರು ನೀರು ತಂದುಕೊಟ್ಟರು. ಪೂಜೆಯ ಸಂಗತಿಯನ್ನು ಹೇಳಿದೆ. ಆಮೇಲೆ ಹಿಂಬಾಗಿಲ ಸಂಗತಿಯನ್ನೂ ಹೇಳಿದೆ. ಯಾರಿಗೂ ಹೇಳದಿದ್ದುದನ್ನು ಹೆಸರು ತಿಳಿಯದ ಮನುಷ್ಯನ ಮುಂದೆ, ಕಲಿತ ಇಂಗ್ಲಿಷಿನಲ್ಲಿ, ಕ್ರಮವಾಗಿ ಹೇಳಿದೆ. ಅವರು ಎಲ್ಲವನ್ನೂ ಕೇಳಿದ ಮೇಲೆ ಸುತ್ತಿಗೆಯನ್ನು ಮತ್ತೆ ಕೂರಿಸಿ, ಒರೆಸಿ, ಮುಚ್ಚಿ, ನನ್ನ ಕೈಗೆ ಕೊಟ್ಟು ಪರೀಕ್ಷಿಸಲು ಹೇಳಿದರು. ಒತ್ತಿದೆ. ಟಕ್ಕೆಂದಿತು. ಹೊಸದರಂತೆ ಕೆಲಸ ಮಾಡುತ್ತಿತ್ತು.

ಆ ಸದ್ದು ಕೇಳಿ ನಾನು ಅದನ್ನು ಮೇಜಿನ ಮೇಲೆ ಇಟ್ಟೆ. ಇದನ್ನು ಒಯ್ದು ಕಪಾಟಿನಲ್ಲಿಟ್ಟರೆ, ಮುಂದಿನ ಸಲ ಆ ಬಾಗಿಲಿನಲ್ಲಿ ನಿಲ್ಲುವವರು ಯಾರು? ಕಸ ಒಯ್ಯುವವರು, ಪಾರ್ಸೆಲ್ ತರುವವರು, ಮರೆತ ಚೀಲಕ್ಕೆಂದು ಹಿಂದಿನಿಂದ ಬರುವ ಗಿರಾಕಿ. ಯಜಮಾನರು ಹೆದರಿದಾಗ ನೋಡುವುದು ಮುಖವನ್ನಲ್ಲ, ಕೈಯಲ್ಲಿರುವ ಸುತ್ತಿಗೆಯನ್ನು. ಒಯ್ಯದಿದ್ದರೆ ಇವರ ನಿದ್ದೆ ಹೋಗುತ್ತದೆ. ಕಾಗದದ ಮೇಲಿನ ಕಾಳನ್ನು ನೋಡುತ್ತಾ ನಾನು ಕೇಳಿದೆ: "ಇದನ್ನು ಎಲ್ಲಿತ್ತೋ ಅಲ್ಲಿಯೇ ಮತ್ತೆ ಇಡಲು ಸಾಧ್ಯವೇ?"

ಅವರಿಗೆ ಕೇಳಲಿಲ್ಲವೆಂದುಕೊಂಡೆ. ಕೇಳಿತ್ತು.

"ನಾನು ಮಾಡುವುದಿಲ್ಲ, ನೀವೂ ಮಾಡಬಾರದು," ಎಂದರು. "ನಿಜವಾದ ಕಳ್ಳ ಬಂದ ದಿನ ನಿಮ್ಮವರು ಸತ್ತ ಬಂದೂಕನ್ನು ನಂಬಿ ಎದುರು ನಿಲ್ಲುತ್ತಾರೆ. ಅವರು ಗುಂಡು ಹಾರಿಸುವುದು ನಿಮಗೆ ಬೇಡವಾಗಿದ್ದರೆ ಅವರಿಗೆ ನೀವು ಹೇಳಿ, ಮ್ಯಾಮ್. ಅಕ್ಕಿಕಾಳಿನ ಬಾಯಿಂದ ಹೇಳಿಸಬೇಡಿ."

ಆಮೇಲೆ, ಖರೀದಿಯು ನನ್ನ ಹೆಸರಿನಲ್ಲಿರುವುದರಿಂದ, ಕಾರ್ಬೈನನ್ನು ಮಾರಾಟಕ್ಕೆಂದು ಅವರ ಬಳಿಯೇ ಬಿಡುವುದಾಗಿ ತಿಳಿಸಿದೆ. ಅವರು ಕೊಟ್ಟ ಕಾಗದದಲ್ಲಿ ಸಹಿ ಮಾಡಿ, ಕಾಳನ್ನು ಒಡವೆಯ ಪೊಟ್ಟಣದಂತೆ ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಆಸ್ಟಿನ್ನಿನಿಂದ ಡ್ಯಾಲಸಿನವರೆಗೆ ಹೆದ್ದಾರಿಯುದ್ದಕ್ಕೂ ಹೇಳಬೇಕಾದುದನ್ನು ಮನಸ್ಸಿನಲ್ಲೇ ಕರಡು ಮಾಡುತ್ತಿದ್ದೆ. ಎಲ್ಲ ಕರಡುಗಳೂ ‘ಈ ಮೂಲಕ ತಿಳಿಸುವುದೇನೆಂದರೆ’ ಎಂದು ಆರಂಭವಾಗಿ ಅಲ್ಲಿಯೇ ನಿಲ್ಲುತ್ತಿದ್ದವು.

ಮನೆಗೆ ಬಂದಾಗ ಯಜಮಾನರು ಗ್ಯಾರೇಜಿಗೇ ಬಂದು ನಿಂತಿದ್ದರು. "ಎಲ್ಲೈತಿ?"

"ಆಸ್ಟಿನ್ನಾಗ ಬಿಟ್ಟು ಬಂದೀನ್ರಿ."

"ಯಾಕ? ರಿಪೇರಿ ಆಗಲಿಲ್ಲೇನು?"

"ಆಗೈತಿ. ಅದಕ್ಕ ಬಿಟ್ಟು ಬಂದೀನಿ."

ಅವರ ಮುಖ ಕೆಂಪಾಯಿತು. "ತಲಿ ಕೆಟ್ಟೈತೇನು ನಿನಗ? ನಾಳೆ ಆ ಬಾಗಿಲಾಗ ನಾ ಏನ್ ಹಿಡಕೊಂಡು ನಿಂದರ್ಲಿ? ಕಸಬರಿಗಿ?"

ಊಟದ ಮೇಜಿನ ಮೇಲೆ ಪೊಟ್ಟಣ ಬಿಚ್ಚಿಟ್ಟೆ. ಅವರಿಗೆ ಭೂತಗನ್ನಡಿ ಬೇಕಾಗಲಿಲ್ಲ. ಅಕ್ಷತೆ ಎಂದು ಗುರುತಾದೊಡನೆ, ಯೋಚಿಸದೆಯೇ, ಎರಡು ಬೆರಳಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದು ಎಲ್ಲಿಂದ ಬಂದಿರಬೇಕೆಂದು ಹೊಳೆದು ಅವರ ಕೈ ಅಲ್ಲೇ ನಿಂತಿತು.

"ಟ್ರಿಗರಿನ ಬುಡಕಿತ್ರಿ," ಎಂದೆ.

"ದೇವರು..." ಎಂದರು. "ದೇವರ ಕಾದಾನ."

ಹೌದೆಂದು ಹೇಳುವುದು ಸುಲಭವಿತ್ತು. ಅವರಿಗೂ ನನಗೂ ಅದರಿಂದ ನೆಮ್ಮದಿಯಾಗುತ್ತಿತ್ತು.

"ದೇವರಲ್ರಿ, ನಾನು. ಅಕ್ಷತಿ ಹಾಕಿದಾಕಿ ನಾನು. ಮರುದಿನ ನೋಡತೇನಿ ಅಂತ ಬಿಟ್ಟಾಕಿ ನಾನು. ನೋಡದನ ನೋಡೇನಿ ಅಂತ ಬರದೀನಿ." ರಿಜಿಸ್ಟರನ್ನು ತಂದು ಆ ಪುಟವನ್ನು ತೆರೆದಿಟ್ಟೆ. "ಅವತ್ತ ನಾ ಪರೀಕ್ಷಾ ಮಾಡಿದ್ರ ಆ ಮನಿಷ್ಯಾ ಇವತ್ತು ಇರತಿದ್ದಿಲ್ಲ. ನಾ ತಪ್ಪು ಮಾಡಿದ್ದಕ್ಕ ಅಂವಾ ಉಳದಾನ. ಇಂಥಾ ಲೆಕ್ಕ ನನಗ ಇನ್ನೊಮ್ಮಿ ಬ್ಯಾಡ್ರಿ."

ಪರೀಕ್ಷಿಸಲಾಗಿದೆ. ಆ ಪದವನ್ನು ನಾನು ಸಾವಿರಾರು ಸಲ ಬರೆದಿದ್ದೇನೆ. ಪರೀಕ್ಷಿಸಿದವರು ಯಾರೆಂದು ಅದು ಹೇಳುವುದಿಲ್ಲ. ಹೇಳಬೇಕಾಗಿಲ್ಲದಿರುವುದೇ ಅದರ ಅನುಕೂಲ. ಅವರ ಎದುರಿಗೇ ಅದನ್ನು ಹೊಡೆದು ಹಾಕಿ, ಮೇಲೆ ‘ನಾನು ಪರೀಕ್ಷಿಸಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ಅದರ ಕೆಳಗೆ ಆ ಬುಧವಾರದ ಸಾಲನ್ನು ಆರಂಭಿಸಿದೆ. ಹಾರಿಸಿದ ಸುತ್ತು: ಸೊನ್ನೆ. ದೋಷ: ಒಂದು. ಕಾರಣದ ಅಂಕಣಕ್ಕೆ ಬಂದಾಗ ಅವರು ಕೈ ಚಾಚಿ ಪೆನ್ನು ಕೇಳಿದರು.

ನಡುಗುವ ಬಲಗೈಯಿಂದಲೇ ಬರೆದರು. ಅಕ್ಷರಗಳು ಗೆರೆಯಿಂದ ಮೇಲೆ ಕೆಳಗೆ ಹೋಗಿವೆ. ಓದಲು ನಾನು ಪುಟವನ್ನು ನನ್ನ ಕಡೆಗೆ ತಿರುಗಿಸಿಕೊಳ್ಳಬೇಕಾಯಿತು.

‘ನಾನು ಒತ್ತಿದೆ. ಎರಡು ಸಲ.’

ಎರಡನೆಯ ಸಲ ಒತ್ತಿದ್ದು ಆ ಮನುಷ್ಯ ಡೋರ್ ಎಂದು ಕೂಗುವ ಮೊದಲೋ ಆಮೇಲೋ ಎಂದು ನಾನು ಕೇಳಿಲ್ಲ. ಈ ಬರಹ ಮುಗಿಯುವವರೆಗೂ ಕೇಳಿಲ್ಲ. ಅವರಿಗೆ ಈಗ ಮತ್ತೆ ರಾತ್ರಿ ನಿದ್ದೆ ಬರುವುದಿಲ್ಲ.

ಹಿಂಬಾಗಿಲಿಗೆ ಇಣುಕುಗಾಜು ಮತ್ತು ಕರೆಗಂಟೆ ಹಾಕಿಸಬೇಕೆಂದು ಮಾಲೀಕರ ಕಚೇರಿಗೆ ಐದನೆಯ ಪತ್ರ ಬರೆದೆ. ಬರುವ ವ್ಯಕ್ತಿ ಯಾರು, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಮುಂಚಿತವಾಗಿ ತಿಳಿಸತಕ್ಕದ್ದು ಎಂದು ಅದರಲ್ಲಿ ಕಾಣಿಸಿದ್ದೆ. ತಿಳಿಸಿದರು. ಅದೇ ಕೆಲಸಗಾರ ಬಂದ, ಈ ಸಲ ಮುಂಬಾಗಿಲಿನಿಂದ.

"ನೋ ಗನ್ ಟುಡೇ, ಬಾಸ್?" ಎಂದು ಯಜಮಾನರನ್ನು ನೋಡಿ ಎರಡೂ ಕೈ ಮೇಲೆತ್ತಿ ನಕ್ಕ. ಅವರು ನಗಲು ಪ್ರಯತ್ನಿಸಿದರು.

ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು. ಬಾಗಿಲಾಚೆ ಓಣಿಯಲ್ಲಿ ನಿಂತು ಅವನು ನಮ್ಮನ್ನು ಹೊರಗೆ ಕರೆದ. ಗೋಡೆಯಲ್ಲಿ ಬಿಳಿಯ ಗುಂಡಿ ಹೊಸದಾಗಿ ಹೊಳೆಯುತ್ತಿತ್ತು. ಯಜಮಾನರಿಗೆ ಅದನ್ನು ತೋರಿಸಿ, "ಪುಶ್, ಬಾಸ್. ಪುಶ್," ಎಂದ.

ಯಜಮಾನರು ಜಾಕೆಟ್ಟಿನ ಜೇಬುಗಳಿಂದ ಕೈ ತೆಗೆಯಲಿಲ್ಲ. ಅವನು ಮತ್ತೊಮ್ಮೆ ಹೇಳಿದ, ಕೇಳಿಸಲಿಲ್ಲವೇನೋ ಎಂದು ಅವರ ಮುಖ ನೋಡಿದ. ಅವರು ಗುಂಡಿಯನ್ನೇ ನೋಡುತ್ತಾ ನಿಂತಿದ್ದರು.

ನಾನು ಮುಂದೆ ಹೋಗಿ ಒತ್ತಿದೆ. ಒಳಗೆ ಗಂಟೆ ಬಡಿಯಿತು. ಅವನು ಹೆಬ್ಬೆರಳೆತ್ತಿ, ತನ್ನ ಸುತ್ತಿಗೆಯನ್ನು ಪಟ್ಟಿಗೆ ಸಿಕ್ಕಿಸಿಕೊಂಡು ಹೋದ.

ರಿಜಿಸ್ಟರಿನ ಕೊನೆಯ ಸಾಲು ಅದೇ ಆಗಿದೆ. ಹಿಂಬಾಗಿಲ ಕರೆಗಂಟೆ: ನಾನು ಪರೀಕ್ಷಿಸಿದೆ.